ಬಸಪ್ಪ ಉರ್ಫ್ ಬಸವರಾಜ ಉರ್ಫ್ ಬಸವಣ್ಣೆಪ್ಪ

ಅಜ್ಜ ತೀರಿಕೊಂಡ ಮೇಲೆ ಹೊಲಕ್ಕೆ ವಾರಸಾ ಮಾಡಿಸಬೇಕಿತ್ತು. ಉತಾರದಲ್ಲಿ ಅವನ ಹೆಸರು ಬಸವಣ್ಣೆಪ್ಪ, ರೇಷನ್ ಕಾರ್ಡಿನಲ್ಲಿ ಬಸಪ್ಪ, ಮರಣದ ದಾಖಲೆಯಲ್ಲಿ ಬಸವರಾಜ. ಕೊನೆಯದನ್ನು ಬರೆಸಿದವನು ನಾನೇ. ಅಷ್ಟು ದೊಡ್ಡ ಮನುಷ್ಯನನ್ನು ಬರೀ ಬಸಪ್ಪ ಎಂದು ಬರೆಸಲು ಆ ಹೊತ್ತಿನಲ್ಲಿ ಮನಸ್ಸು ಒಪ್ಪಿರಲಿಲ್ಲ. ಕಾಗದಗಳನ್ನು ತಿರುವಿ ಹಾಕಿದ ಗುಮಾಸ್ತರು ಕನ್ನಡಕ ಮೇಲೇರಿಸಿ ಕೇಳಿದರು: “ಇವ್ರು ಮೂರು ಮಂದಿ ಅದಾರೇನ್ರೀ, ಒಬ್ಬರ ಏನ್ರೀ?”

ಅಫಿಡವಿಟ್ ಮಾಡಿಸಿ ಒಬ್ಬರೇ ಎಂದು ಸಾಬೀತು ಮಾಡಲು ಎರಡು ತಿಂಗಳು ಹಿಡಿಯಿತು. ಆದರೆ ಗುಮಾಸ್ತರ ಪ್ರಶ್ನೆಯನ್ನು ಈ ಹೆಸರಿಗೇ ಕೇಳಿ ನೋಡಿದರೆ ಅಫಿಡವಿಟ್ಟಿಗೆ ಬಗ್ಗುವ ಉತ್ತರ ಸಿಗುವುದಿಲ್ಲ. ಗೂಳಿಯೂ ಬಸವ, ಗುಡಿಯ ದೇವರೂ ಬಸವ, ಕಲ್ಯಾಣದ ಶರಣನೂ ಬಸವ, ಕೊಟ್ಟಿಗೆಯ ಕೆಲಸ ಮಾಡಿ ಮಲಗಿದ ನಮ್ಮಜ್ಜನೂ ಬಸವ.

ಮೂಲದಲ್ಲಿ ಇದು ಪ್ರಾಣಿಯ ಹೆಸರು. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ ಆಯಿತು, ಕನ್ನಡಕ್ಕೆ ಬರುವಾಗ ವಕಾರ ಬಕಾರವಾಗಿ ಬಸವ ಆಯಿತು. ವನ ಬನವಾದ ಹಾಗೆ, ವರ್ಣ ಬಣ್ಣವಾದ ಹಾಗೆ, ವಸತಿ ಬಸದಿಯಾದ ಹಾಗೆ. ಬಸದಿ ಎಂದಾಗ ಇನ್ನೊಂದು ನೆನಪಾಗುತ್ತದೆ. ಜೈನರ ಮೊದಲ ತೀರ್ಥಂಕರನ ಹೆಸರೂ ವೃಷಭನಾಥ, ಲಾಂಛನವೂ ಗೂಳಿಯೇ. 941ರಲ್ಲಿ ಪಂಪ ‘ಆದಿಪುರಾಣ’ ಬರೆದದ್ದು ಅವನ ಮೇಲೆ. ಒಂದೇ ಶಬ್ದ ಬಸದಿಯೊಳಗೆ ತತ್ಸಮವಾಗಿಯೇ ಉಳಿಯಿತು, ಶಿವನ ಗುಡಿಯ ಮುಂದೆ ತದ್ಭವವಾಗಿ ಮಂಡಿಯೂರಿ ಕೂತಿತು. ನಾಲಗೆ ಸವೆಸಿದ ರೂಪವೇ ಜನರಿಗೆ ಹೆಚ್ಚು ಒಗ್ಗಿತು. ವೃಷಭಪ್ಪ ಎಂಬವರನ್ನು ನಾನು ಇದುವರೆಗೆ ಕಂಡಿಲ್ಲ.

ನಂದಿ ಎಂಬ ಇನ್ನೊಂದು ಹೆಸರು ಇದ್ದೇ ಇದೆಯಲ್ಲ ಎನ್ನಬಹುದು. ಇದೆ, ಆದರೆ ನಂದಿ ಶಿವನ ವಾಹನ, ಅವನ ಮನೆಯ ಕಾವಲಿನವನು. ಬಸವ ಸ್ವತಂತ್ರ. ಗದಗದ ಹತ್ತಿರ ಡಂಬಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯೊಂದಿದೆ. ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಂಥ ತಳಪಾಯ, ಕಂಬಗಳ ಮೇಲೆ ಕೈ ಇಟ್ಟರೆ ಜಾರುವಷ್ಟು ನುಣುಪು. ಒಳಗಿರುವುದು ಲಿಂಗ, ಜನ ಕರೆಯುವುದು ಮಾತ್ರ ದೊಡ್ಡಬಸಪ್ಪನ ಗುಡಿ. ಎದುರಿಗೆ ಕೂತ ದೊಡ್ಡ ಗೂಳಿಯೇ ಗುಡಿಗೆ ಯಜಮಾನನಾಗಿಬಿಟ್ಟಿದ್ದಾನೆ. ಬೆಂಗಳೂರಿನಲ್ಲಿ ಕೆಂಪೇಗೌಡ 1537ರಲ್ಲಿ ಕಟ್ಟಿಸಿದನೆನ್ನುವ ಗುಡಿಯದೂ ಇದೇ ಕತೆ. ಸುಮಾರು 15 ಅಡಿ ಎತ್ತರದ ಏಕಶಿಲೆಯ ಗೂಳಿ ಅಲ್ಲಿ ಮುಖ್ಯ ದೇವರು. ಕಾರ್ತಿಕ ಮಾಸದ ಕೊನೆಯ ಸೋಮವಾರ ಅವನಿಗೇ ಕಡಲೆಕಾಯಿ ಪರಿಷೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗಿಗೆ ಹೆದರಿದ ಪೇಟೆಯ ಜನರಿಗಾಗಿ ಅದರ ಸುತ್ತ ಹೊಸ ಬಡಾವಣೆ ಎದ್ದಾಗ ಹೆಸರಿಗೆ ಹುಡುಕಾಡುವ ಪ್ರಮೇಯವೇ ಬರಲಿಲ್ಲ. ಬಸವನಗುಡಿ ಆಗಲೇ ಇತ್ತು.

ಕಲ್ಲಿನ ಬಸವನ ಮಾತು ಹಾಗಿರಲಿ, ನಡೆದಾಡುವ ಬಸವನೂ ಇದ್ದಾನೆ. ಹರಕೆಗೋ ಸತ್ತವರ ಹೆಸರಿನಲ್ಲೋ ಮುದ್ರೆ ಒತ್ತಿ ಬಿಟ್ಟ ಗೂಳಿ ಯಾರ ಹೊಲದಲ್ಲಿ ಮೇಯ್ದರೂ ಯಾರೂ ಹೊಡೆಯುವಂತಿಲ್ಲ. ಬೇಕಾದಲ್ಲಿ ತಿರುಗುವ ಮಗನನ್ನು “ಬಸವ ಬಿಟ್ಟಂಗ ಬಿಟ್ಟಾರ” ಎಂದು ಬೈಯುವುದು ಅದರಿಂದಲೇ. ಮಂಡ್ಯದ ಕಡೆ ದೇವರ ಬಸಪ್ಪನೆಂದರೆ ನ್ಯಾಯಾಧೀಶ. ಜನ ಸಾಲಾಗಿ ಕೂತು ಅಂಗೈ ಒಡ್ಡುತ್ತಾರೆ. ಅದು ಕಾಲಿಟ್ಟರೆ ಕೆಲಸ ಆಯಿತೆಂದು ಅರ್ಥ, ತಳ್ಳಿದರೆ ಇಲ್ಲ. ಇದರ ತದ್ವಿರುದ್ಧ ಕೋಲೆ ಬಸವ. ಬಣ್ಣಬಣ್ಣದ ಕೌದಿ ಹೊದ್ದು, ಕೊಂಬಿಗೆ ಕುಚ್ಚು ಕಟ್ಟಿಸಿಕೊಂಡು, ಯಜಮಾನ ಮಳೆ ಬರುತ್ತದೋ ಎಂದರೂ ಮಗಳಿಗೆ ಮದುವೆ ಆಗುತ್ತದೋ ಎಂದರೂ ಹೂಂ ಎಂದು ತಲೆಯಾಡಿಸುವ ಬಡಪಾಯಿ. ಒಂದೇ ಹೆಸರಿನಲ್ಲಿ ಯಾರ ಮಾತನ್ನೂ ಕೇಳದವನೂ ಇದ್ದಾನೆ, ಎಲ್ಲರ ಮಾತಿಗೂ ತಲೆಯಾಡಿಸುವವನೂ ಇದ್ದಾನೆ.

ಈ ಪ್ರಾಣಿ ಶಬ್ದ ಇನ್ನೂ ಎಲ್ಲೆಲ್ಲಿಗೋ ಹರಿದಿದೆ. ತಲೆಯ ಮೇಲೆ ಕೋಡು, ಬೆನ್ನ ಮೇಲೆ ಹಿಣಿಲು ಹೊತ್ತಂತೆ ಕಾಣುವ ಹುಳು ಬಸವನಹುಳು. ಸೀಳುಗೊರಸಿನಂಥ ಎಲೆಯ ಕಂಚವಾಳದ ಗಿಡ ಕೆಲವು ಕಡೆ ಬಸವನಪಾದ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ಬರುವ ಜೋಡಿಯೂ ಬಸವಣ್ಣಗಳೇ.

ಈಗ ಮನುಷ್ಯನಿಗೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಮಾದರಸ–ಮಾದಲಾಂಬಿಕೆಯರಿಗೆ ಹುಟ್ಟಿ, ಕೂಡಲಸಂಗಮದಲ್ಲಿ ಕಲಿತು, ಕಳಚುರಿ ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾದ ಬಸವಣ್ಣನಿಗೆ ಆ ಹೆಸರು ಹೇಗೆ ಬಂತೆಂಬುದಕ್ಕೆ ಪುರಾಣದ ಬಳಿ ಸಿದ್ಧ ಉತ್ತರವಿದೆ. ತಾಯಿ ನಂದಿಯ ನೋಂಪಿ ಹಿಡಿದಳು, ನಂದಿಯೇ ಮಗುವಾಗಿ ಬಂದ, ಬಸವ ಎಂದು ಕರೆದರು. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ ದ್ವಿಪದಿಯಲ್ಲಿ ಬರೆದ ‘ಬಸವಪುರಾಣ’ವನ್ನು ಭೀಮಕವಿ 1369ರಲ್ಲಿ ಕನ್ನಡದ ಷಟ್ಪದಿಗೆ ತಂದ ಮೇಲೆ ಈ ಕತೆ ಮನೆಮನೆ ಸೇರಿತು. ನನಗೆ ಕಾಣುವಂತೆ ನಡೆದದ್ದು ಇನ್ನೂ ಸರಳ. ಊರ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ದೇವರ ಹೆಸರನ್ನೇ ಇಡುವುದು ನಮ್ಮಲ್ಲಿ ಇವತ್ತಿಗೂ ನಡೆಯುತ್ತಿದೆ. ಅವತಾರದ ಮಾತು ಬಂದದ್ದು, ಮಗು ದೊಡ್ಡವನಾಗಿ ದೊಡ್ಡ ಕೆಲಸ ಮಾಡಿದ ಮೇಲೆ.

ಹೆಸರಿನ ಬಾಲವನ್ನು ಗಮನಿಸಬೇಕು. ಆಗಿನ ಶರಣರ ಹೆಸರುಗಳಿಗೆ ಅಣ್ಣ, ಅಯ್ಯ, ಅಕ್ಕ, ಅವ್ವೆ ಎಂಬ ಮನೆಯ ಸಂಬಂಧಗಳೇ ಅಂಟಿಕೊಂಡಿವೆ. ಭಂಡಾರಿಯನ್ನೂ ಅಣ್ಣ ಎಂದೇ ಕರೆದರು. ಆದರೆ ರಾಜ ಎಂಬ ಬಾಲ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹರಿಹರ ತನ್ನ ರಗಳೆಗೆ ‘ಬಸವರಾಜದೇವರ ರಗಳೆ’ ಎಂದೇ ಹೆಸರಿಟ್ಟ. ಬೆಳಗಾವಿ ಸೀಮೆಯ ಅರ್ಜುನವಾಡದ 1260ರ ಶಾಸನ ಬಸವಣ್ಣನ ವಂಶವನ್ನು ಹೇಳುತ್ತ ಹಾಲಬಸವಿದೇವ ಎಂಬವನಲ್ಲಿಗೆ ಬರುತ್ತದೆ. ಬಸವಿ ಎಂಬ ರೂಪ ಅಲ್ಲಿ ಗಂಡಸಿನ ಹೆಸರಿನಲ್ಲಿ, ಗೌರವದಿಂದ ಕೂತಿದೆ. ಅದೇ ರೂಪಕ್ಕೆ ಮುಂದೆ ಏನಾಯಿತೆಂದು ಆಮೇಲೆ ನೋಡೋಣ.

ನಡುವಿನ ಶತಮಾನಗಳಲ್ಲಿ ಹೆಸರು ಹಬ್ಬಿದ್ದು ಒಂದು ದಾರಿಯಲ್ಲಲ್ಲ. ಉಳವಿಯ ಚನ್ನಬಸವಣ್ಣನಿಂದ ಚನ್ನಬಸಪ್ಪ, ಕಲಬುರಗಿಯ ಶರಣಬಸವೇಶ್ವರರಿಂದ ಶರಣಬಸಪ್ಪ. ಯಾರ ಹೆಸರಲ್ಲಿ ಯಾವ ಬಸವನಿದ್ದಾನೆ ಎಂದು ಕೇಳಿದರೆ ಮನೆತನ ಯಾವ ಜಾತ್ರೆಗೆ ನಡೆದುಕೊಳ್ಳುತ್ತದೆಂದು ಹೇಳಿಬಿಡಬಹುದು. ಪಾಟೀಲಕಿಯ ಮನೆಗಳಲ್ಲಿ ಬಸನಗೌಡ, ಹಳೆ ಮೈಸೂರಿನಲ್ಲಿ ಬಸವೇಗೌಡ, ಬಸವಯ್ಯ. ಅರಮನೆಗೂ ಹೋಯಿತು. ಕೆಳದಿಯ ದೊರೆ ಬಸವಪ್ಪನಾಯಕ 1709ರ ಸುಮಾರಿಗೆ ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶದಂಥ ಗ್ರಂಥ ಬರೆದ. ಮೈಸೂರು ಸಂಸ್ಥಾನದ ‘ಕಾಯೌ ಶ್ರೀಗೌರಿ’ ಗೀತೆ ಬರೆದವರು ಬಸವಪ್ಪ ಶಾಸ್ತ್ರಿಗಳು. ಅಜ್ಜನ ಬಸವಣ್ಣೆಪ್ಪ ಎಂಬ ರೂಪ ನನಗೆ ವಿಶೇಷ ಇಷ್ಟ. ಅಣ್ಣ ಎಂದರೂ ಸಾಲದೆ ಅದರ ಮೇಲೆ ಅಪ್ಪನನ್ನೂ ಹೇರಿದ ಹೆಸರು ಅದು. ಬೀದರ, ಕಲಬುರಗಿ ಕಡೆ ಇದು ದಂಡಿಯಾಗಿ ಸಿಗುತ್ತದೆ.

ಗಡಿ ದಾಟಿ ತೆಲುಗಿಗೆ ಹೋದರೆ ಬಸವಯ್ಯ, ಬಸವರಾಜು. 1964ರಲ್ಲಿ ಸಿಪಿಎಂ ಕಟ್ಟಿದ ಮೊದಲ ಪಾಲಿಟ್‌ಬ್ಯೂರೋದ ಒಂಬತ್ತು ಜನರಲ್ಲಿ ಮಾಕಿನೇನಿ ಬಸವಪುನ್ನಯ್ಯ ಒಬ್ಬರು. ಎನ್.ಟಿ. ರಾಮರಾಯರ ಹೆಂಡತಿಯ ಹೆಸರು ಬಸವತಾರಕಂ. ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆ ಅವರ ಹೆಸರನ್ನು ಹೊತ್ತಿದೆ.

ಹೆಣ್ಣು ರೂಪಗಳನ್ನು ಈ ಹೆಸರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಗೂಳಿಯ ಹೆಸರು ಹೆಣ್ಣಿಗೆ ಹೇಗೆ ಎಂಬ ಅಳುಕು ನಮ್ಮ ಊರುಗಳಿಗೆ ಇರಲೇ ಇಲ್ಲ. ಬಸವ್ವ, ಬಸಮ್ಮ, ಚನ್ನಬಸವ್ವ ಇರದ ಓಣಿ ಇಲ್ಲ. ಬಳ್ಳಾರಿಯಿಂದ ಲೋಕಸಭೆಗೆ ಹೋದವರಲ್ಲಿ ಬಸವರಾಜೇಶ್ವರಿ ಇದ್ದರು. ಆದರೆ ಅದೇ ಸೀಮೆಯಲ್ಲಿ ಬಸವಿ ಎಂಬ ಮಾತಿಗೆ ಬೇರೆಯೇ ಅರ್ಥ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಮಗನ ಹಾಗೆ ಆಸ್ತಿಯೂ ಅವಳಿಗೆ, ತಂದೆತಾಯಿಯ ಕರ್ಮ ಮಾಡುವ ಹಕ್ಕೂ ಅವಳಿಗೆ. ಮದುವೆ ಮಾತ್ರ ಇಲ್ಲ. ಗೂಳಿಯನ್ನು ಬಿಟ್ಟ ಹಾಗೆಯೇ ಬಿಟ್ಟದ್ದು, ಹೆಸರೂ ಅದರದೇ. ಗೂಳಿಗೆ ಯಾರೂ ಕೈ ಎತ್ತುವಂತಿರಲಿಲ್ಲ, ಬಸವಿಗೆ ಆ ರಕ್ಷಣೆ ಎಂದೂ ಸಿಗಲಿಲ್ಲ. ಕರ್ನಾಟಕ 1982ರಲ್ಲಿ ದೇವದಾಸಿ ನಿಷೇಧ ಕಾನೂನು ತಂದಿತು. ಆಂಧ್ರದ 1988ರ ಕಾನೂನು ಜೋಗಿಣಿ, ಮಾತಮ್ಮ ಮುಂತಾದ ಹೆಸರುಗಳ ಜೊತೆ ಬಸವಿಯನ್ನೂ ಹೆಸರಿಸಿಯೇ ನಿಷೇಧಿಸಿತು. ಈ ಹೆಸರಿನ ಒಂದು ರೂಪ ಕಾನೂನಿನ ಭಾಷೆಯೊಳಗೆ ಹೋದದ್ದು ಹೀಗೆ.

ಇಪ್ಪತ್ತನೆಯ ಶತಮಾನ ಈ ಹೆಸರನ್ನು ಗೂಳಿಯಿಂದ ಮನುಷ್ಯನ ಕಡೆಗೆ ಎಳೆಯಿತು. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಬೆಂಬಲದಿಂದ ಹರ್ಡೇಕರ ಮಂಜಪ್ಪನವರು ಬಸವ ಜಯಂತಿ ಆರಂಭಿಸಿದರು. ಹತ್ತು ವರ್ಷದ ನಂತರ, 1923ರಲ್ಲಿ, ಊರೂರು ತಿರುಗಿ ತಾಳೆಗರಿ ಕೂಡಿಸಿದ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಅಲ್ಲಿಯವರೆಗೆ ಬಹಳ ಜನರಿಗೆ ನಂದಿಯ ಅವತಾರವಾಗಿದ್ದವನು ಈಗ ಬರೆದವನಾಗಿ, ವಾದ ಮಾಡಿದವನಾಗಿ, ಹುಟ್ಟಿದ ದಿನವಿರುವ ಮನುಷ್ಯನಾಗಿ ಎದುರು ನಿಂತ. ಬಸಪ್ಪಂದಿರ ಮಕ್ಕಳು ಬಸವರಾಜರಾದದ್ದು ಈ ಸುಮಾರಿಗೆ ಎಂದು ನನ್ನ ಅಂದಾಜು. ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಗಾಯಕ ಬಸವರಾಜ ರಾಜಗುರು ಇಬ್ಬರೂ ಆ ದಶಕಗಳಲ್ಲೇ ಹುಟ್ಟಿದವರು. ಅವರಿಗಿಂತ ಹಿರಿಯರಾದ ಬಿ.ಡಿ. ಜತ್ತಿಯವರ ‘ಬಿ’ ಮಾತ್ರ ಬಸಪ್ಪನೇ. 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿ ಭವನದಲ್ಲಿ ಹಂಗಾಮಿಯಾಗಿ ಕೂತವರು ಒಬ್ಬ ಬಸಪ್ಪ!

ಇದನ್ನು ಲಿಂಗಾಯತರ ಹೆಸರೆಂದು ಬೇಲಿ ಹಾಕುವವರಿದ್ದಾರೆ. ಬೇಲಿ ನಿಲ್ಲುವುದಿಲ್ಲ. ಕುರುಬರ ಬಸಪ್ಪ, ಒಕ್ಕಲಿಗರ ಬಸವೇಗೌಡ, ದಲಿತ ಕೇರಿಯ ಬಸವಲಿಂಗ ಎಲ್ಲರೂ ಇದ್ದಾರೆ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಹೇಳಿ ಮಂತ್ರಿಗಿರಿ ಕಳೆದುಕೊಂಡ ದಲಿತ ನಾಯಕರು ಬಿ. ಬಸವಲಿಂಗಪ್ಪ. ಬೂಸಾ ಎಂದರೇನು, ಅದರ ಬೆಲೆ ಎಷ್ಟು ಎಂದು ಹೇಳಲು ಬಸವನಿಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ ಎಂದು ಆಗ ಯಾರೂ ಕೇಳಲಿಲ್ಲವೋ ಏನೋ.

ಆಮೇಲಿನದು ಸರ್ಕಾರಿ ಬಸವನ ಕಾಲ. ಹಳೆಯ ಕಲ್ಯಾಣ ಏಕೀಕರಣದ ಸುಮಾರಿಗೆ ಬಸವಕಲ್ಯಾಣವಾಯಿತು. ನಾರಾಯಣಪುರದ ಅಣೆಕಟ್ಟಿನ ನೀರು ಬಸವಸಾಗರ. ಮೈಸೂರು–ಬಾಗಲಕೋಟೆ ರೈಲು ಬಸವ ಎಕ್ಸ್‌ಪ್ರೆಸ್, ಹಳ್ಳಿಗಳ ಮನೆ ಯೋಜನೆ ಬಸವ ವಸತಿ, ಬೆಂಗಳೂರಿನಲ್ಲಿ ಬಸವೇಶ್ವರನಗರ. 2006ರಲ್ಲಿ 5 ರೂಪಾಯಿ ನಾಣ್ಯದ ಮೇಲೆ ಬಂದ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಮೂರ್ತಿಯಾದ. 2024ರಲ್ಲಿ ರಾಜ್ಯದ ಸಾಂಸ್ಕೃತಿಕ ನಾಯಕನೆಂದು ಘೋಷಿತನಾದ. ನನಗೆ ಇದರಲ್ಲಿ ತಕರಾರಿಲ್ಲ, ಉತ್ಸಾಹವೂ ಕಡಿಮೆ. ಫಲಕದ ಮೇಲಿನ ಹೆಸರನ್ನು ಯಾರೂ ಕೂಗಿ ಕರೆಯುವುದಿಲ್ಲ. ಹೆಸರು ಬದುಕುವುದು ಹಿತ್ತಲ ಬಾಗಿಲಲ್ಲಿ ನಿಂತು “ಬಸ್ಯಾ, ಏ ಬಸ್ಯಾ” ಎಂದು ಕೂಗಿದಾಗ.

ಕರೆಯದೆ ಇದ್ದಾಗಲೂ ಬದುಕುತ್ತದೆ ಅನ್ನಿ. ಅಜ್ಜಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೀಗಾಗಿ ಅವಳ ಬಾಯಲ್ಲಿ ಊರಿನ ಬಸವಣ್ಣನ ಗುಡಿ ನಂದೆಪ್ಪನ ಗುಡಿ, ಬಸವ ಜಯಂತಿ “ಅವರ ಜಯಂತಿ”. ಮಳೆಗಾಲದಲ್ಲಿ ಗೋಡೆ ಹತ್ತುವ ಬಸವನಹುಳುವಿಗೂ ಹೆಸರಿಲ್ಲ, “ಆ ಹುಳ” ಅಷ್ಟೇ. ಮದುವೆಗಳಲ್ಲಿ ಹೆಂಗಸರು ಹಿಡಿದು ಕೂರಿಸಿ ಒಡಪು ಹೇಳಿಸಿದಾಗ ಮಾತ್ರ ಪ್ರಾಸದ ಕೊನೆಗೆ, ಉಸಿರು ಬಿಗಿಹಿಡಿದು, “ಬಸಪ್ಪ” ಎಂದು ಉದುರಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ ತಮ್ಮನ ಮಗನ ತೊಟ್ಟಿಲು ಶಾಸ್ತ್ರವಾಯಿತು. ಜನನ ಪತ್ರದಲ್ಲಿ ಮೂರೇ ಅಕ್ಷರದ, ಯಾವ ಊರಿನವನೆಂದು ಗೊತ್ತಾಗದ ಚೆಂದದ ಹೆಸರು ಆಗಲೇ ಬರೆಸಿಯಾಗಿತ್ತು. ತೊಟ್ಟಿಲ ಬದಿಗೆ ಸೋದರತ್ತೆ ಬಗ್ಗಿದಳು. ಮಗುವಿನ ಕಿವಿಗೆ ಬಾಯಿ ಹಚ್ಚಿ ಅವಳು ಬಸಪ್ಪ ಎಂದದ್ದು ಹತ್ತಿರ ನಿಂತಿದ್ದ ನನಗೆ ಕೇಳಿಸಿತು. ಕುರ್ರ್ ಎನ್ನುವಷ್ಟರಲ್ಲಿ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದತೊಡಗಿದರು.