ಅಂತರ್ಯುದ್ಧವೂ ಶಿಶುರಕ್ಷಣೆಯೂ: ಬಿಯಾಫ್ರಾದ ಸಾಕ್ಷ್ಯ

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ಕನ್ನಡಿಗರಿಗೆಲ್ಲ ಪರಿಚಿತವಾದುದು. ಜಗಳ ಯಾರದೇ ಆಗಲಿ, ಅದರ ಬೆಲೆಯನ್ನು ತೆರುವುದು ಅದರಲ್ಲಿ ಪಾಲಿಲ್ಲದ ಕೂಸು ಎಂಬ ಲೋಕಾನುಭವ ಈ ಮಾತಿನಲ್ಲಿ ಅಡಗಿದೆ. ಪರರ ಮನೆಯ ಜಗಳದಲ್ಲಿ ನೆರೆಯವರು ತಲೆಹಾಕಬಾರದೆಂಬ ರೂಢಿಯೂ ಅಷ್ಟೇ ಹಳೆಯದು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇಪ್ಪತ್ತನೆಯ ಶತಮಾನದ ಅಂತರ್ಯುದ್ಧಗಳಲ್ಲಿ ಮಕ್ಕಳಿಗೆ ಒದಗಿದ ದುರ್ಗತಿಯ ಒಂದು ಮುಖ್ಯ ಕಾರಣ ಗೋಚರವಾಗುತ್ತದೆ. ಎರಡು ರಾಷ್ಟ್ರಗಳ ನಡುವಣ ಯುದ್ಧದಲ್ಲಿ ಮಗುವಿಗೆ ಅನ್ನವನ್ನು ತಲುಪಗೊಡುವುದು ಕರ್ತವ್ಯವೆಂದು ಲೋಕವು ಲಿಖಿತವಾಗಿ ಒಪ್ಪಿಕೊಂಡಿತು. ಒಂದೇ ರಾಷ್ಟ್ರದೊಳಗಣ ಯುದ್ಧದಲ್ಲಿ ಅದೇ ಕರ್ತವ್ಯವನ್ನು ಒಪ್ಪಿಕೊಳ್ಳಲು ಬಹುಕಾಲ ಹಿಂಜರಿಯಿತು. ಈ ಹಿಂಜರಿಕೆಯ ಇತಿಹಾಸವನ್ನು, ವಿಶೇಷವಾಗಿ 1967ರಿಂದ 1970ರವರೆಗೆ ನೈಜೀರಿಯದಲ್ಲಿ ನಡೆದ ಬಿಯಾಫ್ರಾ ಯುದ್ಧದ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುದ್ಧಪೀಡಿತ ಮಕ್ಕಳ ಹೊಣೆ ಎಲ್ಲ ಜನಾಂಗಗಳದೂ ಹೌದೆಂಬ ಭಾವನೆ ಅಂತರರಾಷ್ಟ್ರೀಯ ಸಂಸ್ಥೆಯ ರೂಪವನ್ನು ತಾಳಿದ್ದು ಮೊದಲನೆಯ ಮಹಾಯುದ್ಧದ ತರುವಾಯ. ಯುದ್ಧವಿರಾಮವಾದ ಮೇಲೂ ಮಿತ್ರರಾಷ್ಟ್ರಗಳು ಸೋತ ನಾಡುಗಳ ಮೇಲಿನ ದಿಗ್ಬಂಧನವನ್ನು ಕೆಲವು ತಿಂಗಳು ಮುಂದುವರಿಸಿದ್ದವು. ವಿಯೆನ್ನಾ ಮೊದಲಾದ ನಗರಗಳಲ್ಲಿ ಮಕ್ಕಳು ಹಸಿವಿನಿಂದ ಸೊರಗುತ್ತಿದ್ದರು. ಎಗ್ಲಾಂಟೈನ್ ಜೆಬ್ ಎಂಬ ಆಂಗ್ಲ ಮಹಿಳೆ 1919ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಅಂತಹ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಹಂಚಿದ್ದಕ್ಕಾಗಿ ಬಂಧಿತರಾದರು. ನ್ಯಾಯಾಲಯವು ಅವರಿಗೆ ಐದು ಪೌಂಡುಗಳ ದಂಡವನ್ನು ವಿಧಿಸಿತು. ಅದೇ ವರ್ಷ ಅವರೂ ಅವರ ಸೋದರಿಯೂ ಸೇರಿ ‘ಸೇವ್ ದಿ ಚಿಲ್ಡ್ರನ್’ ನಿಧಿಯನ್ನು ಸ್ಥಾಪಿಸಿದರು. ಜೆಬ್ ಅವರು ಸಿದ್ಧಪಡಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘವು ಅಂಗೀಕರಿಸಿತು. ಆಪತ್ತಿನ ಕಾಲದಲ್ಲಿ ಮೊದಲ ನೆರವು ಮಗುವಿಗೆ ದೊರೆಯಬೇಕೆಂಬುದು ಅದರ ಐದು ಕಲಮುಗಳಲ್ಲಿ ಒಂದು. ಆಪತ್ತು ಹೊರಗಿನ ಶತ್ರುವಿನಿಂದ ಬಂದುದೋ ಒಳಗಿನ ಕಲಹದಿಂದ ಬಂದುದೋ ಎಂಬ ಭೇದವನ್ನು ಆ ಕಲಮು ಮಾಡಿರಲಿಲ್ಲ.

ಆ ಭೇದವನ್ನು ಮಾಡಿದ್ದು ಮುಂದಿನ ರಾಜಕಾರಣ. 1936ರಲ್ಲಿ ಸ್ಪೇಯಿನ್ ದೇಶದಲ್ಲಿ ಅಂತರ್ಯುದ್ಧ ಆರಂಭವಾದಾಗ ಯುರೋಪಿನ ರಾಷ್ಟ್ರಗಳು ತಟಸ್ಥನೀತಿಯ ಒಪ್ಪಂದವೊಂದನ್ನು ಮಾಡಿಕೊಂಡವು. ಜರ್ಮನಿ, ಇಟಲಿಗಳು ಅದನ್ನು ಬಹಿರಂಗವಾಗಿಯೇ ಮುರಿದವು. 1937ರ ಏಪ್ರಿಲ್ 26ರಂದು ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಸ್ಕ್ ಪ್ರಾಂತದ ಗೆರ್ನಿಕಾ ಪಟ್ಟಣವನ್ನು ಸುಟ್ಟವು. ಇದರಿಂದ ಇಂಗ್ಲೆಂಡಿನಲ್ಲಿ ಲೋಕಾಭಿಪ್ರಾಯ ಕೆರಳಿದುದರ ಫಲವಾಗಿ, ಮರುತಿಂಗಳು ‘ಹಬಾನಾ’ ಎಂಬ ಹಡಗು ನಾಲ್ಕು ಸಾವಿರಕ್ಕೆ ಸಮೀಪವಾದಷ್ಟು ಮಕ್ಕಳನ್ನು ಸೌತಾಂಪ್ಟನ್ ಬಂದರಿಗೆ ತಂದಿತು. ಬ್ರಿಟಿಷ್ ಸರಕಾರವು ಅವರಿಗೆ ಪ್ರವೇಶವನ್ನು ಕೊಟ್ಟಿತಾದರೂ, ಅವರ ಪೋಷಣೆಗಾಗಿ ಬೊಕ್ಕಸದಿಂದ ಹಣ ಕೊಡಲು ನಿರಾಕರಿಸಿತು. ಮಗುವೊಂದಕ್ಕೆ ವಾರಕ್ಕೆ ಹತ್ತು ಷಿಲಿಂಗಿನಂತೆ ಜನರೇ ಕೂಡಿಸಿ ಕೊಡಬೇಕಾಯಿತು. ತಟಸ್ಥನೀತಿಗೆ ಭಂಗ ಬರುವುದೆಂಬುದು ಸರಕಾರದ ಅಂಜಿಕೆಯಾಗಿತ್ತು. ಕೂಸಿಗೆ ಹಾಲು ಕೊಡುವುದೂ ಪಕ್ಷ ವಹಿಸಿದಂತೆಯೇ ಎಂಬ ವಾದ ಇಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು.

ಎರಡನೆಯ ಮಹಾಯುದ್ಧದ ಅನಂತರ, 1949ರಲ್ಲಿ, ಜಿನೀವಾದಲ್ಲಿ ನಾಲ್ಕು ಒಡಂಬಡಿಕೆಗಳು ಸಿದ್ಧವಾದವು. ನಾಲ್ಕನೆಯ ಒಡಂಬಡಿಕೆಯ 23ನೆಯ ವಿಧಿಯ ಪ್ರಕಾರ, ಹದಿನೈದು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಬಾಣಂತಿಯರಿಗೂ ಉದ್ದೇಶಿಸಿದ ಅತ್ಯವಶ್ಯಕ ಆಹಾರ ವಸ್ತ್ರಗಳನ್ನು, ಅವರು ಶತ್ರುಪಕ್ಷದವರಾದರೂ, ಕೆಲವು ಷರತ್ತುಗಳಿಗೆ ಒಳಪಟ್ಟು ಸಾಗಗೊಡಬೇಕು. ಈ ವಿಧಿ ಅನ್ವಯಿಸುವುದು ರಾಷ್ಟ್ರ ರಾಷ್ಟ್ರಗಳ ನಡುವಣ ಯುದ್ಧಕ್ಕೆ. ಅಂತರ್ಯುದ್ಧಗಳಿಗೆಂದು ನಾಲ್ಕೂ ಒಡಂಬಡಿಕೆಗಳಿಗೆ ಸಮಾನವಾದ 3ನೆಯ ವಿಧಿಯೊಂದೇ ಇದ್ದಿತು. ಆ ವಿಧಿಯಲ್ಲಿ ಕೊಲೆ, ಚಿತ್ರಹಿಂಸೆ, ಒತ್ತೆಸೆರೆಗಳ ನಿಷೇಧವುಂಟು; ಗಾಯಾಳುಗಳ ಶುಶ್ರೂಷೆಯ ಮಾತುಂಟು; ಮಕ್ಕಳ ಮಾತಾಗಲಿ ಅನ್ನದ ಮಾತಾಗಲಿ ಇಲ್ಲ. ಶತ್ರುದೇಶದ ಮಗುವಿಗೆ ದೊರೆತ ರಕ್ಷಣೆ ಸ್ವದೇಶದ ಬಂಡಾಯಗಾರನ ಮಗುವಿಗೆ ದೊರೆಯಲಿಲ್ಲ. ಈ ಕೊರತೆಯ ಪರಿಣಾಮ ಹದಿನೆಂಟು ವರ್ಷಗಳ ಮೇಲೆ ಆಫ್ರಿಕದಲ್ಲಿ ಪ್ರತ್ಯಕ್ಷವಾಯಿತು.

ನೈಜೀರಿಯ ಸ್ವಾತಂತ್ರ್ಯ ಪಡೆದದ್ದು 1960ರಲ್ಲಿ. 1966ರಲ್ಲಿ ನಡೆದ ಎರಡು ಸೈನಿಕ ಕ್ರಾಂತಿಗಳ ಜೊತೆಯಲ್ಲಿ ಉತ್ತರ ಪ್ರಾಂತದಲ್ಲಿ ನೆಲಸಿದ್ದ ಇಗ್ಬೋ ಜನರ ಹತ್ಯಾಕಾಂಡ ನಡೆದು, ಹತ್ತು ಲಕ್ಷಕ್ಕೂ ಮಿಕ್ಕ ಜನ ತಮ್ಮ ಮೂಲನೆಲೆಯಾದ ಪೂರ್ವ ಪ್ರಾಂತಕ್ಕೆ ಓಡಿಬಂದರು. 1967ರ ಮೇ 30ರಂದು ಕರ್ನಲ್ ಓಜುಕ್ವು ಆ ಪ್ರಾಂತವನ್ನು ಬಿಯಾಫ್ರಾ ಎಂಬ ಸ್ವತಂತ್ರ ಗಣರಾಜ್ಯವೆಂದು ಘೋಷಿಸಿದರು. ಜನರಲ್ ಗೋವನ್ ಅವರ ಕೇಂದ್ರ ಸರಕಾರ ಪ್ರಾಂತದ ಮೇಲೆ ದಿಗ್ಬಂಧನ ವಿಧಿಸಿತು. ಜುಲೈ ತಿಂಗಳಲ್ಲಿ ಯುದ್ಧ ಆರಂಭವಾಯಿತು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಕೇಂದ್ರದ ಸೇನೆಯ ವಶವಾದ ಮೇಲೆ ಬಿಯಾಫ್ರಾಕ್ಕೆ ಸಮುದ್ರದ ದಾರಿ ಇಲ್ಲವಾಯಿತು. ಕಿರಿದಾಗುತ್ತ ಬಂದ ಆ ಭೂಭಾಗದಲ್ಲಿ ನಿರಾಶ್ರಿತರೂ ಸೇರಿ ಲಕ್ಷ ಲಕ್ಷ ಜನ ಕಿಕ್ಕಿರಿದು ತುಂಬಿದ್ದರು.

ಅಲ್ಲಿ ಹೊಟ್ಟೆ ತುಂಬಿಸುವ ಪದಾರ್ಥ ಮೊದಮೊದಲು ಪೂರ್ತಿ ಇಲ್ಲದಿರಲಿಲ್ಲ. ಮರಗೆಣಸೂ ಇತರ ಗೆಡ್ಡೆಗಳೂ ಆ ನೆಲದಲ್ಲಿ ಬೆಳೆಯುವಂಥವು. ಆದರೆ ಮೈಗೆ ಕಸುವು ಕೊಡುವ ಮಾಂಸ ಬರುತ್ತಿದ್ದುದು ಉತ್ತರದ ದನಗಳಿಂದ. ಒಣಮೀನು ಬರುತ್ತಿದ್ದುದು ದೂರದ ನಾರ್ವೆಯಿಂದ. ಎರಡು ದಾರಿಗಳೂ ಮುಚ್ಚಿದವು. ಬೆಳೆಯುವ ಮೈಗೆ ಬೇಕಾದ ಪ್ರೋಟೀನು ಸಿಗದೆ ಮೊದಲು ಕುಸಿದವರು ಎಳೆಯ ಮಕ್ಕಳು. ಅವರ ಕಾಲು, ಹೊಟ್ಟೆಗಳು ಬಾತು, ಕೂದಲು ಕೆಂಚಾಗಿ, ಚರ್ಮ ಸುಲಿದುಬಂದಿತು. ಈ ರೋಗಕ್ಕೆ ಕ್ವಾಶಿಯೋರ್ಕರ್ ಎಂದು ಹೆಸರು. ಅದನ್ನು 1930ರ ದಶಕದಲ್ಲಿ ವೈದ್ಯಲೋಕಕ್ಕೆ ತಿಳಿಯಪಡಿಸಿದವರು ಇಂದು ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್. ಮುಂದಿನ ಕೂಸು ಹುಟ್ಟಿದಾಗ ತಾಯಿಯ ಮೊಲೆಹಾಲಿನಿಂದ ದೂರವಾದ ಮಗುವಿಗೆ ಬರುವ ಕಾಯಿಲೆ ಎಂಬುದು ಅಲ್ಲಿಯ ಗಾ ಭಾಷೆಯಲ್ಲಿ ಆ ಶಬ್ದದ ಅರ್ಥ. ಬಿಯಾಫ್ರಾದಲ್ಲಿ ಮಕ್ಕಳನ್ನು ಅನ್ನದಿಂದ ದೂರಮಾಡಿದ್ದು ಯುದ್ಧನೀತಿ.

ಲೋಕದ ಪ್ರತಿಕ್ರಿಯೆ ಹೇಗಿದ್ದಿತು? ಆಫ್ರಿಕದ ಐಕ್ಯ ಸಂಘಟನೆ 1967ರ ಸೆಪ್ಟೆಂಬರಿನಲ್ಲಿ ಕಿನ್‌ಷಾಸಾ ನಗರದಲ್ಲಿ ಸೇರಿ, ಇದು ನೈಜೀರಿಯದ ಆಂತರಿಕ ವಿಷಯವೆಂದು ನಿರ್ಣಯಿಸಿತು. ವಿಶ್ವಸಂಸ್ಥೆಯ ಮಹಾಸಭೆಯಾಗಲಿ ಭದ್ರತಾ ಮಂಡಳಿಯಾಗಲಿ ಈ ಯುದ್ಧವನ್ನು ತನ್ನ ಕಾರ್ಯಸೂಚಿಗೆ ತೆಗೆದುಕೊಳ್ಳಲಿಲ್ಲ. ಬಿಯಾಫ್ರಾವನ್ನು ಮಾನ್ಯಮಾಡಿದವು ಟಾಂಜಾನಿಯ, ಗ್ಯಾಬನ್, ಐವರಿ ಕೋಸ್ಟ್, ಜಾಂಬಿಯ, ಹೈಟಿ ಎಂಬ ಐದೇ ರಾಷ್ಟ್ರಗಳು. ಆಂತರಿಕ ವಿಷಯವೆಂದ ಮಾತ್ರಕ್ಕೆ ಹೊರಗಿನವರು ದೂರ ನಿಂತರೆನ್ನುವಂತಿಲ್ಲ. ಬ್ರಿಟನ್ನೂ ಸೋವಿಯತ್ ಒಕ್ಕೂಟವೂ ಕೇಂದ್ರ ಸರಕಾರಕ್ಕೆ ಆಯುಧಗಳನ್ನು ಒದಗಿಸಿದವು. ಫ್ರಾನ್ಸ್ ಗುಪ್ತವಾಗಿ ಬಿಯಾಫ್ರಾಕ್ಕೆ ಒದಗಿಸಿತು. ಬಂದೂಕಿಗೆ ಗಡಿ ಅಡ್ಡಬರಲಿಲ್ಲ, ಹಾಲಿನ ಪುಡಿಗೆ ಅಡ್ಡಬಂದಿತು.

ಯುದ್ಧ ಆರಂಭವಾಗಿ ಹೆಚ್ಚುಕಡಿಮೆ ಒಂದು ವರ್ಷ ಕಳೆದ ಮೇಲೆ, 1968ರ ಬೇಸಿಗೆಯಲ್ಲಿ, ಸೊರಗಿದ ಮಕ್ಕಳ ಭಾವಚಿತ್ರಗಳು ಪಾಶ್ಚಾತ್ಯ ಪತ್ರಿಕೆಗಳಲ್ಲಿ ಪ್ರಕಟವಾದವು. ಆ ಬಳಿಕ ಎದ್ದ ಕರುಣೆಯ ಅಲೆ ಅಸಾಮಾನ್ಯವಾದುದು. ಪ್ರಾಟೆಸ್ಟೆಂಟ್ ಮತ್ತು ಕೆಥೊಲಿಕ್ ಸಂಸ್ಥೆಗಳು ಒಂದುಗೂಡಿ ಪೋರ್ಚುಗೀಸರ ಸಾವೊ ತೊಮೆ ದ್ವೀಪದಿಂದ ವಿಮಾನಗಳನ್ನು ಹಾರಿಸಿದವು. ರೆಡ್ ಕ್ರಾಸ್ ಸಂಸ್ಥೆಯೂ ತನ್ನ ವಿಮಾನಗಳನ್ನು ಕಳುಹಿಸಿತು. ಹೆದ್ದಾರಿಯೊಂದನ್ನು ಅಗಲಮಾಡಿ ಸಿದ್ಧಗೊಳಿಸಿದ್ದ ಉಲಿ ಎಂಬ ನಿಲ್ದಾಣದಲ್ಲಿ, ರಾತ್ರಿಯ ಕತ್ತಲಿನಲ್ಲಿ, ಕ್ಷಣಕಾಲ ಹೊತ್ತಿಸಿ ಆರಿಸುವ ದೀಪಗಳ ಬೆಳಕಿನಲ್ಲಿ ಅವು ಇಳಿಯುತ್ತಿದ್ದವು. ಚರ್ಚುಗಳ ಒಕ್ಕೂಟವೊಂದೇ ಐದು ಸಾವಿರಕ್ಕೂ ಹೆಚ್ಚು ಬಾರಿ ವಿಮಾನಗಳನ್ನು ಕಳುಹಿಸಿತು. ವಿಶ್ವಸಂಸ್ಥೆಯ ಮಕ್ಕಳ ನಿಧಿಯೂ ಸದ್ದಿಲ್ಲದೆ ಆಹಾರವನ್ನು ಒದಗಿಸಿತು.

ಆದರೆ ಆ ಆಹಾರ ಸಾಲದಾಯಿತು; ಸಾಲುವಷ್ಟನ್ನು ಸಾಗಿಸುವ ದಾರಿಯನ್ನು ಉಭಯ ಪಕ್ಷಗಳೂ ಸೇರಿ ಮುಚ್ಚಿದ್ದವು. ತನ್ನ ತಪಾಸಣೆಗೆ ಒಳಗಾಗದ ವಿಮಾನ ಆಯುಧಗಳನ್ನೂ ಹೊರುವುದೆಂದು ಕೇಂದ್ರ ಸರಕಾರ ಹೇಳಿತು. ಉಲಿಯಲ್ಲಿ ಆಯುಧದ ವಿಮಾನಗಳೂ ಇಳಿಯುತ್ತಿದ್ದುದರಿಂದ ಈ ಸಂಶಯ ನಿರಾಧಾರವಾಗಿರಲಿಲ್ಲ. ಹಸಿವು ಯುದ್ಧದ ನ್ಯಾಯವಾದ ಅಸ್ತ್ರವೆಂದು ವಾದಿಸಿದವರೂ ಆ ಪಕ್ಷದಲ್ಲಿದ್ದರು. ಇತ್ತ ಓಜುಕ್ವು ಅವರು ಕೇಂದ್ರದ ಪ್ರದೇಶದ ಮೂಲಕ ಬರುವ ಭೂಮಾರ್ಗವನ್ನು ಒಪ್ಪಲಿಲ್ಲ; ಹಗಲಿನ ವಿಮಾನಸಂಚಾರದ ಸೂಚನೆಯೂ ಒಪ್ಪಂದವಾಗದೆ ಬಿದ್ದುಹೋಯಿತು. ಅವರ ಸರಕಾರ ಜಿನೀವಾದ ಪ್ರಚಾರ ಸಂಸ್ಥೆಯೊಂದರ ಮೂಲಕ ಹಸಿದ ಮಕ್ಕಳ ವಾರ್ತೆಯನ್ನು ಲೋಕಕ್ಕೆಲ್ಲ ಹರಡಿತು. ಒಂದು ಪಕ್ಷಕ್ಕೆ ಮಗುವಿನ ಹಸಿವು ಒತ್ತಡದ ಸಾಧನ, ಇನ್ನೊಂದು ಪಕ್ಷಕ್ಕೆ ಪ್ರಚಾರದ ಸಾಧನ. 1969ರ ಜೂನ್ 5ರಂದು ನೈಜೀರಿಯದ ಯುದ್ಧವಿಮಾನವೊಂದು ರೆಡ್ ಕ್ರಾಸ್ ವಿಮಾನವನ್ನು ಹೊಡೆದುರುಳಿಸಿತು. ಅಲ್ಲಿಗೆ ಆ ಸಂಸ್ಥೆಯ ವಿಮಾನಸಾಗಣೆ ನಿಂತುಹೋಯಿತು.

1970ರ ಜನವರಿ 15ರಂದು ಬಿಯಾಫ್ರಾ ಶರಣಾಯಿತು. ಸತ್ತವರ ಸಂಖ್ಯೆಯನ್ನು ಐದು ಲಕ್ಷದಿಂದ ಮೂವತ್ತು ಲಕ್ಷದವರೆಗೆ ನಾನಾ ಬಗೆಯಾಗಿ ಅಂದಾಜು ಮಾಡಲಾಗಿದೆ. ರಣರಂಗದಲ್ಲಿ ಮಡಿದವರಿಗಿಂತ ಹಸಿವು ರೋಗಗಳಿಂದ ಮಡಿದವರೇ ಹೆಚ್ಚೆಂಬುದರಲ್ಲಿಯೂ, ಅವರಲ್ಲಿ ಮಕ್ಕಳ ಪಾಲೇ ದೊಡ್ಡದೆಂಬುದರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ಯುದ್ಧಕಾಲದಲ್ಲಿ ಗ್ಯಾಬನ್, ಐವರಿ ಕೋಸ್ಟ್ ಮೊದಲಾದೆಡೆಗಳಿಗೆ ಸಾಗಿಸಲ್ಪಟ್ಟಿದ್ದ ಸುಮಾರು 5000 ಮಕ್ಕಳು 1970–71ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರರ ಪ್ರಯತ್ನದಿಂದ ತಾಯ್ನಾಡಿಗೆ ಮರಳಿದರು. ಗಡಿ ದಾಟಿದ ಮಗುವಿಗೆ ಲೋಕದ ಕಾನೂನಿನಲ್ಲಿ ಹೆಸರೂ ಸ್ಥಾನವೂ ಇದ್ದವು. ಗಡಿಯೊಳಗೆ ಉಳಿದ ಅದರ ಒಡಹುಟ್ಟುಗಳಿಗೆ ಇರಲಿಲ್ಲ.

ಮರುವರ್ಷವೇ ಭಾರತದ ಹೊಸ್ತಿಲಲ್ಲಿ ಇದೇ ಸಂಗತಿ ಪುನರಾವೃತ್ತಿಗೊಂಡಿತು. 1971ರಲ್ಲಿ ಪೂರ್ವ ಬಂಗಾಲದಲ್ಲಿ ಪಾಕಿಸ್ತಾನದ ಸೈನ್ಯ ನಡೆಸಿದ ದಮನವನ್ನು ಹಲವು ರಾಷ್ಟ್ರಗಳು ಆ ದೇಶದ ಆಂತರಿಕ ವಿಷಯವೆಂದೇ ಕರೆದವು. ಒಂದು ಕೋಟಿಗೆ ಸಮೀಪವಾದಷ್ಟು ಜನ ಗಡಿ ದಾಟಿ ಭಾರತದ ಶಿಬಿರಗಳನ್ನು ಸೇರಿದ ಮೇಲೆಯೇ ಅವರ ಮಕ್ಕಳು ಲೋಕದ ಲೆಕ್ಕಕ್ಕೆ ಬಂದರು.

ಆಂತರಿಕ ವಿಷಯವೆಂಬ ಮಾತು ಕೇವಲ ನೆಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪರತಂತ್ರದಿಂದ ಆಗತಾನೇ ಬಿಡುಗಡೆಗೊಂಡ ರಾಷ್ಟ್ರಗಳಿಗೆ, ಪ್ರಬಲರು ದಯೆಯ ವೇಷದಲ್ಲಿ ಮತ್ತೆ ಒಳಹೊಕ್ಕಾರೆಂಬ ಭಯವಿದ್ದುದು ಸಹಜ. ಆಫ್ರಿಕದ ಗಡಿಗಳೆಲ್ಲ ಪರಕೀಯರು ಎಳೆದವು. ಒಂದು ಕಡಿದರೆ ಉಳಿದವೂ ಉಳಿಯವೆಂಬ ಆತಂಕ ಕಿನ್‌ಷಾಸಾ ನಿರ್ಣಯದ ಹಿಂದೆ ಇದ್ದಿತು. ಆದರೆ ಜಗಳವನ್ನು ತೀರ್ಮಾನಿಸುವುದು ಒಂದು, ಜಗಳದ ನಡುವೆ ಕೂಸಿಗೆ ಉಣಿಸುವುದು ಇನ್ನೊಂದು. ಶತ್ರುವಿನ ಮಗುವಿಗೆ ಆಹಾರ ಬಿಟ್ಟುಕೊಟ್ಟರೆ ಶತ್ರುವಿನ ಪಕ್ಷವನ್ನು ವಹಿಸಿದಂತಾಗದೆಂದು 1949ರ 23ನೆಯ ವಿಧಿ ಆಗಲೇ ಒಪ್ಪಿಕೊಂಡಿತ್ತು. ಅದೇ ತರ್ಕವನ್ನು ಮನೆಯೊಳಗಿನ ಜಗಳಕ್ಕೂ ಅನ್ವಯಿಸಲು ಅಡ್ಡಿಯಾದುದು ತರ್ಕದ ಕೊರತೆಯಲ್ಲ, ಅಧಿಕಾರದ ಸಂಕೋಚ.

ಬಿಯಾಫ್ರಾದ ತರುವಾಯ ಕಾನೂನು ಮೆಲ್ಲಮೆಲ್ಲನೆ ತಿದ್ದಿಕೊಂಡಿತು. ಅಂತರ್ಯುದ್ಧಗಳಿಗಾಗಿಯೇ 1977ರಲ್ಲಿ ರಚಿತವಾದ ಜಿನೀವಾ ಒಡಂಬಡಿಕೆಗಳ ಎರಡನೆಯ ಅನುಬಂಧ ಮಕ್ಕಳ ಪೋಷಣೆಯನ್ನು ಹೆಸರಿಸಿ ಹೇಳಿತು. ಜನರನ್ನು ಉಪವಾಸ ಕೆಡಹುವ ಯುದ್ಧಕ್ರಮವನ್ನು ನಿಷೇಧಿಸಿತು. ಆದರೆ ನೆರವನ್ನು ಒಳಬಿಡಲು ಆಯಾ ಸರಕಾರದ ಸಮ್ಮತಿ ಬೇಕೆಂಬ ಮಾತನ್ನು ಉಳಿಸಿಕೊಂಡಿತು. ಭಾರತವು ಈ ಅನುಬಂಧವನ್ನು ಅಂಗೀಕರಿಸಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಯುದ್ಧಕಾಲದ ರಕ್ಷಣೆಯನ್ನು ಸಾರಿತು. 1998ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಶಾಸನ ರೂಪುಗೊಂಡಾಗ, ಉಪವಾಸ ಕೆಡಹುವುದು ರಾಷ್ಟ್ರ ರಾಷ್ಟ್ರಗಳ ಯುದ್ಧದಲ್ಲಿ ಮಾತ್ರ ಯುದ್ಧಾಪರಾಧವೆಂದು ಬರೆಯಲ್ಪಟ್ಟಿತು. ಅಂತರ್ಯುದ್ಧದಲ್ಲಿಯೂ ಅದು ಅಪರಾಧವೆಂಬ ತಿದ್ದುಪಡಿ ಅಂಗೀಕೃತವಾದದ್ದು 2019ರ ಡಿಸೆಂಬರಿನಲ್ಲಿ. 1949ರಲ್ಲಿ ಕಂಡುಬಂದ ಭೇದವನ್ನು ಕಾಗದದ ಮೇಲೆ ಅಳಿಸಲು ಎಪ್ಪತ್ತು ವರ್ಷಗಳು ಹಿಡಿದವು. ಆ ತಿದ್ದುಪಡಿಯೂ ಅದನ್ನು ಒಪ್ಪಿದ ರಾಷ್ಟ್ರಗಳಿಗೆ ಮಾತ್ರ ಸಂಬಂಧಿಸಿದ್ದು.

ಕಾಗದದಿಂದ ಊಟದ ತಟ್ಟೆಗೆ ಇರುವ ದೂರವನ್ನು ಸೂಡಾನ್ ತೋರಿಸಿಕೊಟ್ಟಿತು. ಅಲ್ಲಿ 2023ರ ಏಪ್ರಿಲ್ 15ರಂದು ಸೈನ್ಯಕ್ಕೂ ಅರೆಸೈನಿಕ ಪಡೆಗೂ ನಡುವೆ ಯುದ್ಧ ಹತ್ತಿಕೊಂಡಿತು. ಚಾಡ್ ದೇಶದಿಂದ ಡಾರ್ಫರಿಗೆ ಆಹಾರ ಸಾಗುತ್ತಿದ್ದ ಆದ್ರೆ ಗಡಿಯ ದಾರಿಯನ್ನು, ಆಯುಧಗಳು ಬರುತ್ತವೆಂಬ ಕಾರಣದಿಂದ, ಸರಕಾರ 2024ರ ಫೆಬ್ರವರಿಯಲ್ಲಿ ಮುಚ್ಚಿಸಿತು. ಆಗಸ್ಟ್ ತಿಂಗಳ ಆರಂಭದಲ್ಲಿ ಉತ್ತರ ಡಾರ್ಫರಿನ ಝಂಝಂ ಶಿಬಿರದಲ್ಲಿ ಕ್ಷಾಮವಿರುವುದು ತಜ್ಞರಿಂದ ದೃಢಪಟ್ಟಿತು. ದಾರಿ ಮತ್ತೆ ತೆರೆದದ್ದು ಅದೇ ತಿಂಗಳ ನಡುವಿನಲ್ಲಿ. ಉಲಿಯ ರಾತ್ರಿಗಳಲ್ಲಿ ಕೇಳಿಬಂದ ವಾದವೇ ಅರ್ಧ ಶತಮಾನದ ಮೇಲೆ ಮತ್ತೊಂದು ನಾಡಿನಲ್ಲಿ ಕೇಳಿಬಂದಿತು.

ಹೀಗಾಗಿ ಲೋಕದ ಅಲಕ್ಷ್ಯವನ್ನು ಕೇವಲ ಹೃದಯಶೂನ್ಯತೆಯೆಂದು ಕರೆದರೆ ವಿವರಣೆ ಮುಗಿಯುವುದಿಲ್ಲ. 1968ರಲ್ಲಿ ಹೃದಯ ಕರಗಿತ್ತು. ಕರಗಿದ ಹೃದಯಕ್ಕೆ ನಡೆಯಲು ಕಾನೂನಿನ ದಾರಿ ಇರಲಿಲ್ಲ. ದಾರಿಯನ್ನು ಬರೆದಿಟ್ಟ ಮೇಲೂ ಅದರ ಬಾಗಿಲ ಕೀಲಿ ಕಾದಾಡುವವರ ಕೈಯಲ್ಲಿಯೇ ಉಳಿಯಿತು. ಗಂಡ ಹೆಂಡಿರ ಜಗಳವನ್ನು ಬಿಡಿಸಲು ನೆರೆಯವರು ಹೋಗದಿರಬಹುದು. ಆದರೆ ಹಟ್ಟಿಯಲ್ಲಿ ಅಳುವ ಕೂಸನ್ನು ಎತ್ತಿಕೊಂಡು ಒಂದು ತುತ್ತು ಉಣಿಸುವ ನೆರೆಯವಳನ್ನು ಯಾವ ಊರಿನಲ್ಲಿಯೂ ಯಾರೂ ತಪ್ಪಿತಸ್ಥಳೆಂದು ಹೇಳಿದ್ದಿಲ್ಲ. ಆ ನೆರೆಯವಳ ಹಕ್ಕನ್ನು ರಾಷ್ಟ್ರಗಳು ಪೂರ್ಣವಾಗಿ ಒಪ್ಪುವವರೆಗೆ 1924ರ ಜಿನೀವಾ ಘೋಷಣೆ ಈಡೇರದ ಮಾತಾಗಿಯೇ ಇರುವುದು.