ಹಳೆಯ ಗಣಕಯಂತ್ರಗಳೂ ಅವುಗಳ ದುಭಾಷಿಗಳೂ

ಡ್ರೈವರ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಬಸ್ಸು ನಡೆಸುವವನೇ ನೆನಪಾಗುವನು. ಗಣಕಯಂತ್ರದ ಡ್ರೈವರಿನದು ದುಭಾಷಿಯ ಕೆಲಸ. ಊರು ಬಿಟ್ಟು ಬಂದ ಹೊಸತರಲ್ಲಿ ನಮಗೂ ಅಂಗಡಿಯವನಿಗೂ ನಡುವೆ ನಿಂತು ಮಾತು ತಿಳಿಸಿದ ನೆರೆಮನೆಯವರಂತೆ, ಗಣಕಕ್ಕೂ ಪ್ರಿಂಟರಿಗೂ ನಡುವೆ ನಿಲ್ಲುವ ಪುಟ್ಟ ತಂತ್ರಾಂಶ ಅದು. ಅದಿಲ್ಲವಾದರೆ ಗಟ್ಟಿಮುಟ್ಟಾದ ಯಂತ್ರವೂ ಮೂಕವಾಗಿ ಕೂರುವುದು.

1981ರಲ್ಲಿ ಐ.ಬಿ.ಎಂ. ಪಿ.ಸಿ. ಬಂದಾಗ ಈ ದುಭಾಷಿಗೆ ಒಂದು ನೆಲೆ ಇರಲಿಲ್ಲ. ಡಾಸ್ ಕಾಲದ ವರ್ಡ್‌ಪರ್ಫೆಕ್ಟ್, ಲೋಟಸ್ 1-2-3 ಮುಂತಾದವು ತಮ್ಮ ತಮ್ಮ ಪ್ರಿಂಟರ್ ಡ್ರೈವರುಗಳನ್ನು ತಾವೇ ಫ್ಲಾಪಿಯಲ್ಲಿ ಹೊತ್ತು ತರುತ್ತಿದ್ದವು. ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳ ಪೈಕಿ ಎಪ್ಸನ್ನಿನ ಸಂಜ್ಞೆಗಳನ್ನೇ ಇತರ ಅನೇಕರೂ ಅನುಸರಿಸಿದ್ದರಿಂದ ತೊಂದರೆ ಕಡಿಮೆ. ಸರಕಾರಿ ಕಚೇರಿಗಳಲ್ಲಿ ಕರಕರ ಸದ್ದಿನ ಆ ಯಂತ್ರಗಳು ದೀರ್ಘಾಯುಗಳಾದುದಕ್ಕೆ ಈ ಸಾಮಾನ್ಯ ಭಾಷೆಯೂ ಒಂದು ಕಾರಣವೆಂದು ನಮ್ಮ ಎಣಿಕೆ. (ಕಾರ್ಬನ್ ಇಟ್ಟರೆ ಮೂರು ಪ್ರತಿ ಬರುತ್ತದೆಂಬುದು ಇನ್ನೊಂದು.)

ವಿಂಡೋಸ್ ಬಂದಮೇಲೆ ಡ್ರೈವರ್ ಒಂದೇ ಕಡೆ ನೆಲೆಸಿತು. 1995ರ ವಿಂಡೋಸ್ 95, ಜೋಡಿಸಿದ ಬಿಡಿಭಾಗವನ್ನು ತಾನೇ ಗುರುತಿಸುವ ಏರ್ಪಾಡನ್ನೂ ತಂದಿತು. ಅನುಕೂಲವೇ ಸರಿ. ಆದರೆ ಅದೇ ಕಾಲಕ್ಕೆ ಅಗ್ಗದ ಪ್ರಿಂಟರುಗಳೂ ಮೋಡೆಮ್‌ಗಳೂ ಬಂದವು. ತಯಾರಕರು ಯಂತ್ರದೊಳಗಿನ ಬುದ್ಧಿಯನ್ನು ತೆಗೆದು ಆ ಕೆಲಸವನ್ನೆಲ್ಲ ಡ್ರೈವರಿಗೆ ವಹಿಸಿದರು. ಬೆಲೆ ಇಳಿಯಿತು, ಯಂತ್ರದ ಆಯುಷ್ಯ ಒಂದು ಸಿ.ಡಿ.ಗೆ ಗಂಟುಬಿತ್ತು. 2001ರಲ್ಲಿ ಮನೆಬಳಕೆಯ ವಿಂಡೋಸ್ ಎನ್.ಟಿ. ತಳಹದಿಗೆ ಬಂದು ಎಕ್ಸ್‌ಪಿ ಆದಾಗ, ಹಿಂದಿನ ಎಷ್ಟೋ ಡ್ರೈವರುಗಳು ನಿರುಪಯೋಗಿಯಾದವು. 2007ರ ವಿಸ್ಟಾದಲ್ಲಿ ಮತ್ತದೇ ಪಾಡು. ಅದರ 64 ಬಿಟ್ ಆವೃತ್ತಿಯಂತೂ ಅಂಕಿತವಿಲ್ಲದ ಕರ್ನೆಲ್ ಡ್ರೈವರನ್ನು ಒಳಗೇ ಬಿಡಲಿಲ್ಲ, ಅಟೆಸ್ಟೇಶನ್ ಇಲ್ಲದ ಅರ್ಜಿಯನ್ನು ನಾವು ಹಿಂದಿರುಗಿಸುವಂತೆ!

ಈ ಗುಟ್ಟಿನ ವ್ಯವಹಾರವನ್ನು ಪ್ರಶ್ನಿಸಿದವರೂ ಉಂಟು. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದರು. ಹೊಸ ಝೆರಾಕ್ಸ್ ಪ್ರಿಂಟರಿನ ಮೂಲಪಾಠ ಅವರಿಗೆ ದೊರೆಯಲಿಲ್ಲ. ಆ ಅಸಮಾಧಾನವೂ ಸೇರಿ 1983ರಲ್ಲಿ ಗ್ನು ಯೋಜನೆ ಹುಟ್ಟಿತು. 1991ರ ಲಿನಕ್ಸ್‌ನಲ್ಲಿ ಡ್ರೈವರುಗಳ ಮೂಲಪಾಠವೂ ಜೊತೆಗೇ ಬರುವುದರಿಂದ, ತಯಾರಕರು ಕೈಬಿಟ್ಟ ಎಷ್ಟೋ ಸಾಧನಗಳು ಅಲ್ಲಿ ಇನ್ನೂ ನಡೆಯುತ್ತವೆ.

ಪುಣೆಯ ವಾಚಕರಿಗೆ ಇನ್ನೊಂದು ಮಾತು. ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ನಿಮ್ಮೂರ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು, ಡಾಸ್ ಗಣಕದ ತೆರೆಯ ಮೇಲೆ ಕನ್ನಡವನ್ನೂ ಮೂಡಿಸಿತ್ತು. ಈಗಿನ ಮನೆ ಗಣಕಗಳಲ್ಲಿ ಅದನ್ನು ಸಿಕ್ಕಿಸುವ ಸ್ಲಾಟೇ ಇಲ್ಲ. ಸಂಘದ ಹಳೆಯ ಸದಸ್ಯರ ಪಟ್ಟಿಯೋ ನಾಟಕದ ಪ್ರತಿಯೋ ಅಂಥ ಗಣಕದಲ್ಲಿ ಉಳಿದಿದ್ದರೆ, ಅದು ಉಸಿರಾಡುತ್ತಿರುವಾಗಲೇ ಹೊರತೆಗೆಯತಕ್ಕದ್ದು.

ಡ್ರೈವರ್ ಹುಡುಕುವವರು ಮೊದಲು ತಯಾರಕರ ತಾಣವನ್ನೇ ನೋಡಬೇಕು. ಅಲ್ಲಿಲ್ಲವಾದರೆ 1996ರಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಡ್ರೈವರ್ ಸಿ.ಡಿ.ಗಳ ನಕಲುಗಳು ಸಾಕಷ್ಟಿವೆ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಡಿವೈಸ್ ಮ್ಯಾನೇಜರ್ ತೋರಿಸುವ ಹಾರ್ಡ್‌ವೇರ್ ಐ.ಡಿ. ನಂಬಿಕೆಗೆ ಅರ್ಹ, ಅದರಲ್ಲಿ ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ ಎರಡೂ ಇರುತ್ತವೆ. ಎಲ್ಲ ಡ್ರೈವರನ್ನೂ ಪುಕ್ಕಟೆ ಹುಡುಕಿಕೊಡುತ್ತೇವೆನ್ನುವ ಅಪರಿಚಿತರನ್ನು ದೂರವಿಡುವುದು ಲೇಸು. ಎಕ್ಸ್‌ಪಿಗೆ 2014ರ ಏಪ್ರಿಲಿನಿಂದ ಭದ್ರತೆಯ ಬೆಂಬಲ ನಿಂತಿದೆ. ಹಳೆಯ ಸ್ಕ್ಯಾನರಿಗಾಗಿ ಅದನ್ನು ಉಳಿಸಿಕೊಂಡ ಮನೆಯವರು ಆ ಗಣಕಕ್ಕೆ ಇಂಟರ್ನೆಟ್ ಜೋಡಿಸದೆ, ಸ್ಕ್ಯಾನ್ ಮಾಡಿದ್ದನ್ನು ಪೆನ್ ಡ್ರೈವಿನಲ್ಲಿ ಒಯ್ಯಲಿ.