ಸಮುದ್ರದ ನೀರು ಸಿಹಿ ಮಾಡಲು ತೊಡಕು ಉಪ್ಪಲ್ಲ, ಲೋಳೆ!

‘ಪಕ್ಕದಲ್ಲೇ ಸಮುದ್ರ ಇದೆ, ನೀರಿಗೇನು ಬರ?’ ಕರಾವಳಿಯಲ್ಲಿ ಬೇಸಿಗೆ ಬಂದರೆ ಈ ಪ್ರಶ್ನೆ ಏಳುತ್ತೆ. ಎಂಜಿನಿಯರಿಂಗ್ ಓದುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಒತ್ತಡ ಕೊಟ್ಟು ಮೆಂಬ್ರೇನ್ ಮೂಲಕ ತಳ್ಳಿದರೆ ಉಪ್ಪು ಆಚೆ, ನೀರು ಈಚೆ. ಲೆಕ್ಕ ಸರಿಯೇ. ಆದರೆ ಆ ಲೆಕ್ಕದಲ್ಲಿ ಕೊಳೆ ಇರಲಿಲ್ಲ.

2008–09ರಲ್ಲಿ ಒಮಾನ್ ಕೊಲ್ಲಿಯಲ್ಲಿ ಪಾಚಿ ವಿಪರೀತ ಬೆಳೆದು ಸಮುದ್ರ ಕೆಂಪಾಯಿತು. ಯುಎಇ, ಒಮಾನ್‌ನ ಹಲವು ಸ್ಥಾವರಗಳು ನಿಂತವು, ಕೆಲವು ವಾರಗಟ್ಟಲೆ. ಯಂತ್ರ ಕೆಟ್ಟಿರಲಿಲ್ಲ, ಫಿಲ್ಟರ್ ಕಟ್ಟಿಕೊಂಡಿತ್ತು.

ಕಟ್ಟಿಕೊಳ್ಳುವುದು ಏನು?

ಹೂಳಿನ ಕಣ, ಸಾವಯವ ಅಂಟು, ಹಂಡೆಯಲ್ಲಿ ಕೂರುವಂಥ ಬಿಳಿ ಖನಿಜ ಪದರ, ಮತ್ತು ಬ್ಯಾಕ್ಟೀರಿಯಾ ಕಟ್ಟುವ ಲೋಳೆ. ಕೊನೆಯದೇ ಮಹಾ ಹಠಮಾರಿ. ನಾಲ್ಕಾರು ಬ್ಯಾಕ್ಟೀರಿಯಾ ಉಳಿದರೂ ಮತ್ತೆ ಸಂಸಾರ ಹೂಡುತ್ತವೆ. ಮೆಂಬ್ರೇನ್ ಕಟ್ಟಿದಷ್ಟೂ ಹೆಚ್ಚು ಒತ್ತಡ ಬೇಕು, ಕರೆಂಟ್ ಬಿಲ್ ಏರುತ್ತೆ.

ಕ್ಲೋರಿನ್ ಹಾಕಿದರಾಯ್ತಲ್ವಾ?

ಇಲ್ಲೇ ಇಕ್ಕಟ್ಟು. ಈಗ ಬಳಕೆಯಲ್ಲಿರುವ ಪಾಲಿಅಮೈಡ್ ಮೆಂಬ್ರೇನ್ ಕ್ಲೋರಿನ್ ತಾಗಿದರೆ ಹಾಳಾಗುತ್ತೆ. ಹಾಗಾಗಿ ಹಾಕಿದ ಕ್ಲೋರಿನನ್ನು ಸೋಡಿಯಂ ಬೈಸಲ್ಫೈಟ್ ಬಳಸಿ ಮೊದಲೇ ತೆಗೆಯಬೇಕು. ಸಾಲದ್ದಕ್ಕೆ ಕ್ಲೋರಿನ್ ದೊಡ್ಡ ಸಾವಯವ ಅಣುಗಳನ್ನು ಒಡೆದು, ಬದುಕುಳಿದ ಬ್ಯಾಕ್ಟೀರಿಯಾಗಳಿಗೆ ಊಟ ಬಡಿಸುತ್ತೆ!

ಹಾಗಾದರೆ ದಾರಿ?

ಮೆಂಬ್ರೇನ್ ತಲುಪುವ ಮುನ್ನವೇ ನೀರನ್ನು ಹದಗೊಳಿಸಬೇಕು. ಸಣ್ಣ ಗಾಳಿಗುಳ್ಳೆ ಬಿಟ್ಟು ಪಾಚಿಯನ್ನು ತೇಲಿಸಿ, ಹಾಲಿನ ಕೆನೆಯಂತೆ ತೆಗೆಯುವುದು ಒಂದು ವಿಧಾನ. ಆಮೇಲೆ ಮರಳಿನ ಸೋಸುವಿಕೆ ಅಥವಾ ಅಲ್ಟ್ರಾಫಿಲ್ಟ್ರೇಷನ್, ಕೊನೆಗೆ 5 ಮೈಕ್ರಾನ್ ಕಾರ್ಟ್ರಿಜ್. ನೀರಿನ ಹೂಳಿನ ಸೂಚ್ಯಂಕವನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ 15 ನಿಮಿಷ ಹರಿಸಿ ಅಳೆಯುತ್ತಾರೆ. 5 ದಾಟಬಾರದು, 3ರೊಳಗಿದ್ದರೆ ಒಳ್ಳೆಯದು. ಆದರೆ ಬ್ಯಾಕ್ಟೀರಿಯಾಗೆ ಎಷ್ಟು ಆಹಾರ ಉಳಿದಿದೆ ಅಂತ ಈ ಸೂಚ್ಯಂಕ ಹೇಳಲ್ಲ.

ಇಷ್ಟಾದರೂ ಹರಿವು ಶೇ 10ರಷ್ಟು ಕುಸಿದರೆ ತೊಳೆಯಲೇಬೇಕು: ಲೋಳೆಗೆ ಕ್ಷಾರ, ಖನಿಜಕ್ಕೆ ಆಮ್ಲ. ತಡ ಮಾಡಿದರೆ ಪೂರ್ತಿ ಬಿಡಿಸೋದು ಕಷ್ಟ.

ಇದು ದೂರದ ಮಾತಲ್ಲ. ಚೆನ್ನೈ ಈಗಾಗಲೇ ನೆಮ್ಮೇಲಿ ಸ್ಥಾವರದ ನೀರು ಕುಡಿಯುತ್ತಿದೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ತನ್ನ ರಿಫೈನರಿಗಾಗಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರ ಕಟ್ಟಿದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ನದಿಗಳು ಹೂಳು ತಂದು ಸುರಿಯುತ್ತವೆ. ಮುಂದೆ ಯಾರಾದರೂ ಹೊಸ ಸ್ಥಾವರ ಘೋಷಿಸಿದರೆ ‘ಎಷ್ಟು ಲೀಟರ್?’ ಅಂತಷ್ಟೇ ಕೇಳಬೇಡಿ. ‘ಸಮುದ್ರ ಅತ್ಯಂತ ಕೊಳಕಾಗಿರುವ ದಿನ ಎಷ್ಟು ಲೀಟರ್?’ ಅಂತ ಕೇಳಿ. ಉತ್ತರ ಇರಬೇಕಾದ್ದು ಆ ಪ್ರಶ್ನೆಗೆ.